ಕಾರು ಕುಡಿದ ನೀರು

ಕುಂದಾಪುರದ ನಮ್ಮ ಮನೆಗೆ ಎರಡು ಬಾವಿಗಳಿದ್ದವು. ಒಂದು ಅಡುಗೆಮನೆಯ ಗೋಡೆಗೇ ಅಂಟಿಕೊಂಡದ್ದು. ಒಲೆಯ ಪಕ್ಕದ ಕಂಡಿಯಲ್ಲಿ ಬಗ್ಗಿದರೆ ಕೆಳಗೆ ಕಪ್ಪಗೆ ನೀರು ಕಾಣುತ್ತಿತ್ತು, ಮೇಲೆ ರಾಟೆ, ರಾಟೆಯಲ್ಲಿ ತೆಂಗಿನ ನಾರಿನ ಹಗ್ಗ. ಇನ್ನೊಂದು ಹಿತ್ತಲಿನ ತುದಿಯಲ್ಲಿ, ಹೊಳೆಯ ಬದಿಗೆ. ಮಳೆಗಾಲದಲ್ಲಿ ಎರಡರ ನೀರೂ ಒಂದೇ ರುಚಿ. ಆದರೆ ಬೇಸಗೆ ಕಾಲಿಡುತ್ತಿದ್ದಂತೆ ಸಮುದ್ರದ ಉಬ್ಬರ ಹೊಳೆಯೊಳಗೆ ಏರಿ, ಹೊಳೆಯ ಉಪ್ಪು ನೆಲದೊಳಗೆ ಇಳಿದು, ಹಿತ್ತಲಿನ ಬಾವಿ ಸೌಳಾಗುತ್ತಿತ್ತು. ನಮ್ಮ ಕೇರಿಯ ಎಲ್ಲ ಬಾವಿಗಳ ಗತಿಯೂ ಅದೇ. ಅಡುಗೆಮನೆಯ ಬಾವಿಯೊಂದೇ, ಯಾವ ಬಂಡೆಯ ಸಂದಿಯಿಂದಲೋ ಒರತೆ ಪಡೆದು, ಕೊನೆಯವರೆಗೂ ಸಿಹಿಯಾಗಿರುತ್ತಿತ್ತು. ಏಪ್ರಿಲ್ ಹಾಲಿಡೇಸ್‌ಗೆ ಮಂಗಳೂರಿನ ಕಾನ್ವೆಂಟಿನಿಂದ ಮನೆಗೆ ಬಂದಾಗಲೆಲ್ಲ ನಾನು ಮೊದಲು ಕೇಳುತ್ತಿದ್ದದ್ದು ಆ ನೀರನ್ನು. ಕೇಳಬೇಕಿತ್ತು, ತೆಗೆದುಕೊಳ್ಳುವಂತಿರಲಿಲ್ಲ. ಹಗ್ಗ ಮುಟ್ಟಲು ನನಗೆ ಪರ್ಮಿಷನ್ ಇರಲಿಲ್ಲ. ಪಾದ್ರಿಗಳ ಶಾಲೆಯಲ್ಲಿ ಉಂಡು ಮಲಗುವ ಹುಡುಗಿ ನಾನು. ಬೊಗಸೆಯೊಡ್ಡಿ ಕೂತರೆ ಅಮ್ಮಮ್ಮ ಮೇಲಿನಿಂದ ನೀರು ಬಿಡುತ್ತಿದ್ದರು. ಮೊಣಕೈಯವರೆಗೆ ನೀರು ಹರಿದು ಫ್ರಾಕಿನ ತೋಳು ಒದ್ದೆಯಾಗುತ್ತಿತ್ತು.

ಅಮ್ಮಮ್ಮ ಎಂದರೆ ಅಪ್ಪಯ್ಯನ ತಾಯಿ. ಕೋಟದ ಕಡೆಯ ವೈದಿಕರ ಮನೆಯ ಮಗಳು. ಎಳೆಯ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯ ಸೆರಗನ್ನು ನೆತ್ತಿಯ ಮೇಲಿಂದ ಇಳಿಯಗೊಡದೆ ಬದುಕಿದವರು. ಮದುವೆ, ಸೀಮಂತ, ಆರತಿ ಯಾವುದಕ್ಕೂ ಅವರು ಮುಂದೆ ಬರುವಂತಿರಲಿಲ್ಲ. ಮನೆಯಲ್ಲಿ ಶುಭ ನಡೆದಾಗ ಅವರು ಬಾಗಿಲ ಹಿಂದೆ ನಿಂತು ನೋಡುತ್ತಿದ್ದದ್ದು ನನಗೆ ನೆನಪಿದೆ. ಅವರದು ಅಂತ ಇದ್ದದ್ದು ಆ ಬಾವಿಯೊಂದೇ. ಒದ್ದೆ ಸೀರೆಯಲ್ಲಿ ಅವರೇ ಸೇದಬೇಕು, ಅವರೇ ಹಂಚಬೇಕು. ದೇವರಿಗೆ ಇಷ್ಟು, ಅಡುಗೆಗೆ ಇಷ್ಟು, ಕುಡಿಯಲು ಇಷ್ಟು, ಕೇರಿಯ ಹೆಂಗಸರು ಹಿತ್ತಲ ಬಾಗಿಲಿಗೆ ತಂದಿಡುವ ಕೊಡಗಳಿಗೆ ಇಷ್ಟು. ಕೊಡುವುದರಲ್ಲಿ ಜಿಪುಣತನ ಇರಲಿಲ್ಲ. ಯಾವುದಕ್ಕೆ ಕೊಡಬೇಕು, ಯಾವುದಕ್ಕೆ ಕೂಡದು ಎಂಬುದರಲ್ಲಿ ಮಾತ್ರ ಕಾನ್ವೆಂಟಿನ ಮದರ್ ಸುಪೀರಿಯರ್ ಕೂಡ ಅವರ ಮುಂದೆ ಏನೂ ಅಲ್ಲ. ಅಮ್ಮ ಆ ಅಡುಗೆಮನೆಗೆ ಸೊಸೆಯಾಗಿ ಬಂದು ವರ್ಷಗಳಾಗಿದ್ದರೂ ಅಪರೂಪಕ್ಕೆ, ಅವರು ಹೇಳಿದ ದಿನ ಮಾತ್ರ, ಹಗ್ಗ ಹಿಡಿಯುತ್ತಿದ್ದಳು.

ನನ್ನ ನಂತರ ಅಮ್ಮನಿಗೆ ಎರಡು ಮಕ್ಕಳಾದವು. ಎರಡೂ ಉಳಿಯಲಿಲ್ಲ. ಎರಡನ್ನೂ ಅವಳು ಹೆತ್ತದ್ದು ನಡುಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ. ಎರಡನೆಯ ಸಲ ಅವಳೇ ಉಳಿಯುವುದು ಅನುಮಾನವಾಗಿತ್ತಂತೆ. ಉಸಿರಿಲ್ಲದ ಆ ಮಕ್ಕಳಿಗೆ ಮೀಯಿಸಿ ಬಟ್ಟೆ ಸುತ್ತಿದವರು ಅಮ್ಮಮ್ಮ. ಆಮೇಲೆ ಅಪ್ಪಯ್ಯ ಒಂದು ನಿಶ್ಚಯ ಮಾಡಿದರು. ಇನ್ನೊಂದು ಸಲ ಆ ಕೋಣೆ ಇಲ್ಲ, ಉಡುಪಿಯ ಆಸ್ಪತ್ರೆಯ ಲೇಡಿ ಡಾಕ್ಟರ ಕೈಯಲ್ಲೇ ಹೆರಿಗೆ ಎಂದು. ಅವರು ಮುನ್ಸೀಫ್ ಕೋರ್ಟಿನ ವಕೀಲರು. ನಿಶ್ಚಯ ಮಾಡಿದರೆ ಅದಕ್ಕೆ ಸಾಕ್ಷ್ಯ ಒದಗಿಸದೆ ಬಿಡುವವರಲ್ಲ. ಘಟ್ಟದ ಮೇಲಿನ ಕಾಫಿ ತೋಟದ ದೊರೆಯೊಬ್ಬ ಊರು ಬಿಡುವಾಗ ಮಾರಿದ ಹಸಿರು ಬಣ್ಣದ ಹಳೆಯ ಕಾರು ಒಂದು ದಿನ ನಮ್ಮ ಅಂಗಳಕ್ಕೆ ಬಂದು ನಿಂತದ್ದು ಹಾಗೆ. ಎರಡನೆಯ ಮಹಾಯುದ್ಧದ ಕಾಲ. ಬಸ್ಸುಗಳು ಬೆನ್ನಿಗೆ ಇದ್ದಲ ಒಲೆ ಕಟ್ಟಿಕೊಂಡು ಅದರ ಗ್ಯಾಸಿನಲ್ಲಿ ಓಡುತ್ತಿದ್ದವು. ಏರು ಬಂದರೆ ಪ್ಯಾಸೆಂಜರುಗಳು ಇಳಿದು ತಳ್ಳಬೇಕು. ಅಂಥ ಬಸ್ಸಿನಲ್ಲಿ ದಿನ ತುಂಬಿದ ಹೆಂಗಸನ್ನು ಕೂರಿಸುವುದಿಲ್ಲ ಎಂದು ಅಪ್ಪಯ್ಯ ಹೇಳಿದ್ದರು. ಸಿಕ್ಕುವ ಸ್ವಲ್ಪ ರೇಷನ್ ಪೆಟ್ರೋಲನ್ನು ಅವರು ಎಲ್ಲೂ ಸುತ್ತದೆ ಅಮ್ಮನ ಹೆಸರಿನಲ್ಲೇ ಕೂಡಿಟ್ಟರು.

ಕಾರು ಬಂದ ಮಧ್ಯಾಹ್ನವೇ, ಅಮ್ಮ ಆಮೇಲೆ ನನಗೆ ಹೇಳಿದ ಹಾಗೆ, ಅಮ್ಮಮ್ಮ ಜಗಲಿಯಲ್ಲಿ ನಿಂತು ಅದರ ನೀರಿನ ತೀರ್ಮಾನ ಮಾಡಿದರು. ಅದರ ಸೀಟು ಚರ್ಮದ್ದು. ಅದನ್ನು ಯಾರ‍್ಯಾರು ಮುಟ್ಟಿದ್ದರೋ, ಅದರಲ್ಲಿ ಏನೇನು ಹೊತ್ತಿದ್ದರೋ. ಅಪ್ಪಯ್ಯ ರೇಡಿಯೇಟರಿಗೆ ಅಂತ ಒಂದು ಕೊಡಪಾನ ನೀರು ಕೇಳಿದಾಗ ಅವರು ಹಿತ್ತಲಿನ ಕಡೆ ಕೈ ತೋರಿಸಿದರು.

"ಎಮ್ಮಿ ಮೀಸುದ್, ವಸ್ತ್ರ ಒಗುದ್ ಎಲ್ಲ ಆ ನೀರಂಗೇ ಅಲ್ದಾ? ಕಾರಿಗ್ ಎಂತ ಬಾಯ್ರುಚಿ ಇತ್ತಾ?"

ಅಪ್ಪಯ್ಯ ನಕ್ಕುಬಿಟ್ಟರು. ಅವರಿಗೆ ಆ ಕಾರಿನ ವಿಷಯದಲ್ಲಿ ಅಮ್ಮಮ್ಮನ ಒಪ್ಪಿಗೆ ಮುಖ್ಯವಾಗಿತ್ತೇ ಹೊರತು ನೀರಿನ ಜಾತಿ ಅಲ್ಲ. ಇಂಗ್ಲಿಷ್ ಹ್ಯಾಂಡ್‌ಬುಕ್ಕಿನಲ್ಲಿ ಶುದ್ಧ ನೀರು ಹಾಕಿ ಅಂತ ಬರೆದಿತ್ತು. ಶುದ್ಧ ಎಂದರೆ ಕಸ ಇಲ್ಲದ್ದು ಎಂದು ಅವರು ಅರ್ಥ ಮಾಡಿಕೊಂಡು, ಸೌಳು ನೀರನ್ನು ಪಂಚೆಯ ತುದಿಯಲ್ಲಿ ಸೋಸಿ ಸೋಸಿ ಹಾಕಿದರು. ಹೀಗೆ ಆ ಬೇಸಗೆಯಿಡೀ ನಮ್ಮ ಕಾರು, ಇಷ್ಟಿಷ್ಟೇ, ಸಮುದ್ರವನ್ನು ಕುಡಿಯಿತು.

ನನ್ನ ಹಾಲಿಡೇಸ್ ಸುರುವಾದಾಗ ಅಮ್ಮನಿಗೆ ದಿನ ಹತ್ತಿರವಿತ್ತು. ಡಾಕ್ಟರಿಗೆ ತೋರಿಸಲು ಉಡುಪಿಗೆ ಹೋದಾಗ ನನ್ನನ್ನೂ ಕರೆದುಕೊಂಡು ಹೋದರು. ಬ್ರಹ್ಮಾವರದ ಇತ್ತ ಹೊಳೆಗೆ ಆಗ ಸೇತುವೆ ಇರಲಿಲ್ಲ. ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲಿನ ಮೇಲೆ ಕಾರು ಹತ್ತಿಸಿ ದಾಟಿಸಬೇಕಿತ್ತು. ಅಮ್ಮ ಕಣ್ಣು ಮುಚ್ಚಿ ನನ್ನ ಕೈ ಹಿಡಿದುಕೊಂಡಿದ್ದಳು. ಡಾಕ್ಟರಮ್ಮ ಎಕ್ಸಾಮಿನ್ ಮಾಡಿ ಹೊರಗೆ ಬಂದು ಅಪ್ಪಯ್ಯನೊಡನೆ ಇಂಗ್ಲಿಷಿನಲ್ಲಿ ಮಾತಾಡಿದರು. ನನಗೆ ಅರ್ಥವಾಗುವುದಿಲ್ಲ ಎಂದುಕೊಂಡಿರಬೇಕು. ಮಗು ಅಡ್ಡ ಮಲಗಿದೆ. ನೋವು ಸುರುವಾದ ಮೇಲೆ ಮನೆಯಲ್ಲಿ ಇಟ್ಟುಕೊಂಡರೆ ಇಬ್ಬರೂ ಉಳಿಯುವುದಿಲ್ಲ. ಈಗ ಬೆಡ್ ಇಲ್ಲ, ಮುಂದಿನ ವಾರ ತಂದು ಅಡ್ಮಿಟ್ ಮಾಡಿ. ಆ ಮಾತನ್ನು ನಾನು ಅಮ್ಮನಿಗೆ ಹೇಳಲಿಲ್ಲ.

ಹಿಂದೆ ಬರುವಾಗ ಕೋಟದ ಹತ್ತಿರ ಕಾರು ಗೊರಗೊರ ಸದ್ದು ಮಾಡಿತು. ಅಪ್ಪಯ್ಯ ನಿಲ್ಲಿಸುವುದರೊಳಗೆ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಎದುರಿನ ಫ್ಯಾನು ಮುರಿದ ಕತ್ತಿನ ಹಾಗೆ ಅಲುಗಾಡುತ್ತಿತ್ತು, ಅದರ ಹಿಂದಿನಿಂದ ಕೆಂಪು ನೀರು ತೊಟ್ಟಿಕ್ಕುತ್ತಿತ್ತು. ಅಮ್ಮ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಬಿಸಿ ಚರ್ಮದ ಸೀಟಿನ ಮೇಲೆ ಕೂತೇ ಇದ್ದಳು. ಕೊನೆಗೆ ಅಲ್ಲಿನ ಒಬ್ಬ ಗಾಡಿಯವನ ಎತ್ತುಗಳನ್ನು ಕಾರಿಗೆ ಕಟ್ಟಿ, ಅಪ್ಪಯ್ಯ ಸ್ಟಿಯರಿಂಗ್ ಹಿಡಿದು, ಮೆರವಣಿಗೆಯಂತೆ ಕುಂದಾಪುರಕ್ಕೆ ಹೊರಟೆವು. ಕುಂಭಾಶಿ ಬರುವುದರೊಳಗೆ ದಾರಿಯ ಎರಡೂ ಕಡೆ ಜನ.

"ಹ್ವಾಯ್ ವಕೀಲ್ರೇ, ಎತ್ತಿಗೆ ಪೆಟ್ರೋಲ್ ಹಾಕ್ತ್ರ್ಯಾ, ಹುಲ್ಲ್ ಹಾಕ್ತ್ರ್ಯಾ?"

"ಕಾರಿಗ್ ಎಷ್ಟ್ ಗೇರ್ ಮಾರ್ರೆ? ಬಾಲ ತಿರುಪ್ರೆ ರಿವರ್ಸ್ ಹೋತಾ?"

ಯಾವಾಗಲೂ ಮಾತಿಗೆ ಮಾತು ಕೊಡುತ್ತಿದ್ದ ಅಪ್ಪಯ್ಯ ಅಂದು ಎತ್ತುಗಳ ಬಾಲವನ್ನೇ ನೋಡುತ್ತ ಸ್ಟಿಯರಿಂಗ್ ತಿರುಗಿಸುತ್ತಿದ್ದರು. ಅಮ್ಮ ಮಾತ್ರ, ತಮಾಷೆಯೇ ಇರಬೇಕು, ನನ್ನ ಕಿವಿಯಲ್ಲಿ, "ಈ ಎತ್ತ್‌ಗಳೇ ಉಡುಪಿಗೂ ಬಪ್ಪುಕೆ ಒಪ್ತೊ ಏನೊ, ಕೇಣ್" ಅಂದಳು. ನಾನು ನಗಲು ಹೋಗಿ ಅತ್ತುಬಿಟ್ಟೆ.

ಕುಂದಾಪುರದಲ್ಲಿ ಕಾರು ರಿಪೇರಿಯವ ಎಂದರೆ ಆಗ ಲಾಜರ ಒಬ್ಬನೇ. ಇಗರ್ಜಿಯ ಹಿಂದಿನ ಓಣಿಯವನು, ಬಸ್ಸಿನ ಕಂಪೆನಿಯೊಂದರಲ್ಲಿ ಮೆಕ್ಯಾನಿಕ್. ಅವನ ಬಾಯಿ ಅವನ ಕೈಗಿಂತ ಯಾವಾಗಲೂ ಒಂದು ಮೈಲಿ ಮುಂದೆ. "ನನ್ ಕೈ ತಾಗ್ರೆ ಕಲ್ಲ್ ಸಹ ಸ್ಟಾರ್ಟ್ ಆತ್ತ್" ಎನ್ನುತ್ತಲೇ ಬಂದ. ಒಂದು ಸುತ್ತು ನೋಡಿ, ಎಂತದೂ ಇಲ್ಲ, ರೇಡಿಯೇಟರಿಗೆ ಸಣ್ಣ ತೂತು ಎಂದ. ಒಂದು ಮುಷ್ಟಿ ಸಾಸಿವೆ ಪುಡಿ ಕೇಳಿ ರೇಡಿಯೇಟರಿನ ಬಾಯಿಗೆ ಸುರಿದ, ಅದು ಒಳಗೆ ಉಬ್ಬಿ ತೂತನ್ನು ತಾನೇ ಮುಚ್ಚುತ್ತದಂತೆ. ಅಂಗಳದ ತುಂಬ ಒಗ್ಗರಣೆಯ ವಾಸನೆ ಎದ್ದಿತೇ ಹೊರತು ನೀರು ನಿಲ್ಲಲಿಲ್ಲ. ಆ ಸಾಸಿವೆಗೆ ಕಾದು ನಮ್ಮ ಎರಡು ಹಗಲು ಹಾಳಾದವು. ಆಮೇಲೆ ಅವನು ತಲೆ ಕೆರೆದುಕೊಂಡು, ಅಡಿಯ ನಲ್ಲಿ ಬಿಟ್ಟು ನೀರು ಖಾಲಿ ಮಾಡಿ, ರಬ್ಬರಿನ ಹೋಸ್ ಕಳಚಿ, ಬೆಲ್ಟ್ ಸಡಿಲಿಸಿ, ಫ್ಯಾನು ಬಿಚ್ಚಿ, ಅದರ ಹಿಂದಿದ್ದ ಪಂಪಿನ ಬೋಲ್ಟುಗಳಿಗೆ ಸೀಮೆಎಣ್ಣೆ ಕುಡಿಸತೊಡಗಿದ. ಅವು ತುಕ್ಕು ಹಿಡಿದು ಎಂಜಿನಿನ ಮೈಗೇ ಹುಟ್ಟಿದ ಹಾಗೆ ಕೂತಿದ್ದವು. ಒಂದು ತುಂಡಾಯಿತು. ಅಪ್ಪಯ್ಯ ಕೋರ್ಟಿಗೆ ಹೋಗದೆ, ಬನಿಯನ್ನಿನಲ್ಲಿ, ಕೈಯೆಲ್ಲ ಗ್ರೀಸು ಮಾಡಿಕೊಂಡು ಅವನ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದರು.

ಪಂಪು ಕೈಗೆ ಬಂತು. ನೀರನ್ನು ತಳ್ಳಬೇಕಾದ ಒಳಗಿನ ಚಕ್ರದ ಎಸಳುಗಳು ಹುಳ ತಿಂದ ಎಲೆಯ ಹಾಗೆ ಸವೆದು ನಡುವಿನ ದಂಟು ಮಾತ್ರ ಉಳಿದಿತ್ತು. ಸುತ್ತ ಬಿಳಿಯ ಹಕ್ಕಳೆ. ಲಾಜರ ಒಂದು ಚೂರು ಕಿತ್ತು ಮೂಸಿದ. ಆಮೇಲೆ, ನಾವೆಲ್ಲ ನೋಡುತ್ತಿದ್ದಂತೆ, ನಾಲಗೆಗೆ ಹಚ್ಚಿಕೊಂಡ.

"ಜೆಜು! ಉಪ್ಪ್ ಮಾರ್ರೆ! ಬಂಗ್ಡಿ ಮೀನ್ ಒಣ್ಗ್ಸುಕೆ ಬೇಕಾದಷ್ಟ್ ಇತ್ತ್ ಇದ್ರಂಗೆ. ಯಾವ್ ಬಾವಿ ನೀರ್ ಕುಡ್ಸಿರಿ ನೀವ್ ಈ ಕಾರಿಗೆ?"

ಜಗಲಿಯ ಕಂಬದ ಹಿಂದಿದ್ದ ಕೆಂಪು ಸೆರಗು ಒಳಗೆ ಸರಿದದ್ದು ನನಗೆ ಕಂಡಿತು. ಲಾಜರ ರೇಡಿಯೇಟರಿನ ಸಣ್ಣ ಕೊಳವೆಗಳಿಗೆ ಕಣ್ಣಿಟ್ಟು ನೋಡಿ, ಅವೂ ಉಪ್ಪು ಕಟ್ಟಿ ಅರ್ಧ ಮುಚ್ಚಿವೆ ಎಂದ. ಹೊಸ ಪಂಪು ಕೂರಿಸಿದರೂ, ಸಿಹಿ ನೀರು ಹಾಕಿ ಹಾಕಿ ಆ ಉಪ್ಪನ್ನು ಕರಗಿಸಿ ತೊಳೆಯದೆ ಹೊರಟರೆ ಮತ್ತೆ ಕೋಟದಲ್ಲೇ ಕುದಿಯುತ್ತದೆ. ಸೌಳು ನೀರು ಇನ್ನು ಒಂದು ಲೋಟವೂ ಕೂಡದು.

ಆ ಮಧ್ಯಾಹ್ನ ಊಟದ ಹೊತ್ತಿಗೆ ನಡೆದ ಜಗಳದಷ್ಟು ದೊಡ್ಡದು ನಮ್ಮ ಮನೆಯಲ್ಲಿ ಹಿಂದೆಯೂ ಆಗಿರಲಿಲ್ಲ, ಮುಂದೆಯೂ ಆಗಲಿಲ್ಲ. ಅಪ್ಪಯ್ಯ ಗ್ರೀಸಿನ ಕೈ ತೊಳೆಯದೆ ಅಡುಗೆಮನೆಯ ಹೊಸ್ತಿಲವರೆಗೆ ಬಂದು ಅಮ್ಮಮ್ಮನ ಎದುರು ನಿಂತರು. ಅಮ್ಮ ಬಾಳೆಎಲೆ ಹಾಕುತ್ತಿದ್ದವಳು ಹಾಗೇ ನಿಂತಳು.

"ಅಮ್ಮ, ಇನ್ನ್ ಮೇಲೆ ಕಾರಿಗೆ ಒಳಗಿನ ಬಾವಿ ನೀರೇ ಆಯ್ಕ್."

"ಚರ್ಮದ್ ಮೇಲೆ ಕೂತ್ಕಂಡ್ ಹೋಪ ಬಂಡಿಗೆ ದೇವ್ರ್ ನೀರಾ? ನೀ ಎಂತ ಮಾತಾಡ್ತಿದ್ದೆ ಅಂತ ಗೊತ್ತಿತ್ತಾ ಶೀನ?"

"ನಿನ್ ಮಡಿಯೇ ತಿಂದದ್ದ್ ಆ ಪಂಪನ್ನ. ಕಣ್ಣಾರೆ ಕಂಡ್ಯಲ್ಲ. ನಾಳೆ ನಿನ್ ಸೊಸಿ ಸರಸು ದಾರಿ ಮೇಲೆ ಸತ್ರೆ ಆ ನೀರನ್ನ ಎಂತ ಮಾಡ್ತೆ? ಸತ್ತವಳ್ ಬಾಯಿಗ್ ಬಿಡ್ತ್ಯಾ?"

ಮಗ ಹಾಗೆ ಹೇಳಬಾರದಿತ್ತು. ಆ ಎರಡು ಕೂಸುಗಳಿಗೆ ಮೀಯಿಸಿದ ಕೈ ಅಮ್ಮಮ್ಮನದು. ಅವರು ಬಾವಿಯ ಕಂಡಿಗೆ ಬೆನ್ನು ಕೊಟ್ಟು ನಿಂತು, ಗಟ್ಟಿಯಾಗಿ, ದೇವರ ಕೋಣೆಗೂ ಕೇಳುವ ಹಾಗೆ ಹೇಳಿದರು:

"ಆನೆಗುಡ್ಡೆ ಗಣಪ್ತಿ ಆಣಿ. ಈ ಬಾವಿ ನೀರ್ ಒಂದ್ ಕೊಡ್ಪಾನ ಆ ಕಾರಿಗ್ ಹೋದ್ರೂ, ನಾನ್ ಸಾಯುವರಿಗೆ ಈ ನೀರ್ ಮುಟ್ಟುದಿಲ್ಲೆ."

ನಮ್ಮ ಕಡೆ ಆಣೆ ಎಂದರೆ ಏನು ಎಂದು ಈಗಿನವರಿಗೆ ಹೇಳುವುದು ಕಷ್ಟ. ಅಪ್ಪಯ್ಯನ ಕೋರ್ಟಿನಲ್ಲಿ ಪ್ರಮಾಣ ಮಾಡಿ ಸುಳ್ಳು ಹೇಳುವವರಿದ್ದರು, ಆದರೆ ಆನೆಗುಡ್ಡೆಯ ಹೆಸರೆತ್ತಿ ಹೇಳಿದ್ದನ್ನು ಮೀರುವವರನ್ನು ನಾನು ಕಾಣೆ. ಅಪ್ಪಯ್ಯ ಹೊಸ್ತಿಲಿನಿಂದ ಅಂಗಳಕ್ಕೆ ಹಿಂತಿರುಗಿದರು. ಅಂದು ಅವರೂ ಉಣ್ಣಲಿಲ್ಲ, ಅಮ್ಮಮ್ಮನೂ ಉಣ್ಣಲಿಲ್ಲ. ಅಮ್ಮ ಮಾತ್ರ, ಹೊಟ್ಟೆಯಲ್ಲಿರುವುದಕ್ಕೆ ಅಂತ, ಕಣ್ಣೀರು ಬೆರೆಸಿ ಎರಡು ತುತ್ತು ನುಂಗಿದಳು. ನಾನು ಆಗ ಅಮ್ಮಮ್ಮನನ್ನು ನಮ್ಮ ಇಂಗ್ಲಿಷ್ ರೀಡರಿನ ಕತೆಗಳಲ್ಲಿ ಬರುವ ದುಷ್ಟ ಮುದುಕಿಯರ ಸಾಲಿಗೆ ಸೇರಿಸಿಬಿಟ್ಟೆ. ಆ ವಯಸ್ಸಿಗೆ ಹಾಗೆ ಮಾಡುವುದು ತುಂಬ ಸುಲಭ.

ಅಪ್ಪಯ್ಯ ಎರಡು ಏರ್ಪಾಡು ಮಾಡಿದರು. ಬೈಂದೂರಿನಲ್ಲಿ ಮರದ ಕಂಟ್ರಾಕ್ಟರೊಬ್ಬರ ಶೆಡ್ಡಿನಲ್ಲಿ ಇದೇ ಜಾತಿಯ ಕಾರೊಂದು ಆ್ಯಕ್ಸಿಡೆಂಟ್ ಆಗಿ ಬಿದ್ದಿದೆ ಎಂದು ಲಾಜರ ಹೇಳಿದ್ದ. ಯುದ್ಧದ ದೆಸೆಯಿಂದ ಮಂಗಳೂರಿನಲ್ಲೂ ಹೊಸ ಪಂಪು ಸಿಕ್ಕುವಂತಿರಲಿಲ್ಲ. ಅಪ್ಪಯ್ಯ ಬೆಳಕು ಹರಿಯುವಾಗಲೇ ಹೊಳೆ ದಾಟಿ ಗಂಗೊಳ್ಳಿಗೆ ಹೋಗಿ, ಅಲ್ಲಿಂದ ಬೈಂದೂರಿಗೆ ಹೋಗಿ, ಆ ಸತ್ತ ಕಾರಿನ ಪಂಪನ್ನು ಬಿಚ್ಚಿಸಿ ತಂದರು. ಸಂಜೆ ದೋಣಿಯಿಂದ ಇಳಿಯುವಾಗ ಅದನ್ನು ಅಂಗವಸ್ತ್ರದಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದರು. ಎರಡನೆಯದು ನೀರಿನದು. ಹೊಳೆಯ ಮೇಲ್ಗಡೆಯ ಊರೊಂದರಿಂದ ಪೀಪಾಯಿಗಳಲ್ಲಿ ಸಿಹಿ ನೀರು ತುಂಬಿ ತರಲು ಒಬ್ಬ ದೋಣಿಯವನಿಗೆ ಹೇಳಿದ್ದರು. ಮಾರನೆಯ ಸಂಜೆಯ ಉಬ್ಬರಕ್ಕೆ ಅವನು ಬರುವವನಿದ್ದ. ಹೀಗಾದರೆ ಆಣೆಯೂ ಉಳಿಯಿತು, ಕಾರೂ ಉಳಿಯಿತು. ಆ ರಾಜಿಯಿಂದ ಅವರಿಗೆ ಎಷ್ಟು ಸಮಾಧಾನವಾಗಿತ್ತು ಎಂದರೆ ಅಮ್ಮಮ್ಮನೊಡನೆ ಹೆಚ್ಚುಕಡಿಮೆ ಮಾತಾಡಿಯೇಬಿಟ್ಟರು.

ಮಾರನೆಯ ಬೆಳಿಗ್ಗೆ ಲಾಜರ ಪಂಪು ಕೂರಿಸಲು ಬಂದ. ಎಂಜಿನಿನ ಮುಖಕ್ಕೆ ಅಂಟಿದ್ದ ಹಳೆಯ ಗ್ಯಾಸ್ಕೆಟ್ಟನ್ನು ಚೂರಿಯಿಂದ ಕೆರೆದು ತೆಗೆದ. ಹೊಸದು ಎಲ್ಲಿ? ಅಪ್ಪಯ್ಯನ ಫೈಲುಗಳ ದಪ್ಪ ರಟ್ಟನ್ನು ಅಳತೆಗೆ ಕತ್ತರಿಸಿ ಎಣ್ಣೆಯಲ್ಲಿ ನೆನೆಸಿದರು. ಪಂಪಿನ ದಂಟಿನ ಸುತ್ತ ನೀರು ಸೋರದ ಹಾಗೆ ತುಂಬಲು ಹತ್ತಿಯ ಹುರಿ ಬೇಕಿತ್ತು. ಅಮ್ಮ ದೀಪದ ಬತ್ತಿಯ ನೂಲನ್ನು ಕೊಟ್ಟಳು. ಅದಕ್ಕೆ ಗ್ರೀಸಿನ ಜೊತೆ ಕಪ್ಪು ಸೀಸದ ಪುಡಿ ಹಚ್ಚಿದರೆ ಸವೆಯುವುದಿಲ್ಲ ಎಂದು ಲಾಜರ ನನ್ನ ಕಡೆ ನೋಡಿದ.

"ಬೇಬಿ, ನಿಮ್ ಸಿಸ್ಟರ್‌ಗಳ್ ಪೆನ್ಸಿಲ್ ಕೊಡ್ತ್ರಲ್ದಾ? ಎರ್ಡ್ ತನ್ನಿ ಕಾಂಬ. ಇವತ್ತ್ ಲೆಕ್ಕ ನಾನ್ ಮಾಡ್ತೆ."

ನಾನು ಕಾನ್ವೆಂಟಿನ ಪೆನ್ಸಿಲುಗಳನ್ನು ಸೀಳಿ, ಅವುಗಳ ಸೀಸವನ್ನು ಕಲ್ಲಿನ ಮೇಲೆ ಅರೆಯುತ್ತ ಕೂತಿದ್ದೆ. ಪಂಪು ಅದರ ಜಾಗಕ್ಕೆ ಕೂತಿತು. ಲಾಜರ ಬೋಲ್ಟುಗಳನ್ನು ಸಾಲಾಗಿ ಅಲ್ಲ, ಎದುರುಬದುರಾಗಿ, ಒಂದಕ್ಕೆ ಸ್ವಲ್ಪ, ಇನ್ನೊಂದಕ್ಕೆ ಸ್ವಲ್ಪ ಬಿಗಿಯುತ್ತಿದ್ದ. ಅಪ್ಪಯ್ಯ ಹೆಬ್ಬೆರಳಿನಿಂದ ಬೆಲ್ಟು ಒತ್ತಿ ನೋಡುತ್ತಿದ್ದರು. ಆಗ ಒಳಗಿನಿಂದ ಅಮ್ಮನ ಧ್ವನಿ ಕೇಳಿತು. ನನ್ನನ್ನಲ್ಲ, ಅಪ್ಪಯ್ಯನನ್ನೂ ಅಲ್ಲ, ಅವಳು ಕರೆದದ್ದು ಅಮ್ಮಮ್ಮನನ್ನು.

"ಅತ್ತೆ, ನೋವ್ ಸುರುವಾಯ್ತ್ ಕಾಂತ್."

ಅಂಗಳದಲ್ಲಿ ಸ್ಪ್ಯಾನರಿನ ಸದ್ದು ನಿಂತಿತು. ಅಪ್ಪಯ್ಯ ಹಿತ್ತಲಿಗೆ ಓಡಿ ಹೊಳೆಯ ಕಡೆ ನೋಡಿದರು. ನಾನೂ ಓಡಿದೆ. ಇಳಿತ. ಹೊಳೆ ಬತ್ತಿ ಕೆಸರಿನ ದಿಣ್ಣೆಗಳು ಬಿಸಿಲಲ್ಲಿ ಹೊಳೆಯುತ್ತಿದ್ದವು. ದೋಣಿ ಸಂಜೆಯವರೆಗೆ ಬರುವಂತಿರಲಿಲ್ಲ. ಅಪ್ಪಯ್ಯ ಬರಿಗೈಯಲ್ಲಿ ಹಿಂದೆ ಬಂದು, ಖಾಲಿ ಬಕೆಟ್ಟನ್ನು ಎತ್ತಿ, ಸೌಳು ಬಾವಿಯ ಕಟ್ಟೆಯ ಮೇಲಿಟ್ಟು, ಮತ್ತೆ ಎತ್ತಿಕೊಂಡರು. ಲಾಜರ ಮೊದಲ ಸಲ ಸಣ್ಣ ದನಿಯಲ್ಲಿ ಮಾತಾಡಿದ್ದು ಆಗ.

"ಬ್ಯಾಡ ವಕೀಲ್ರೆ. ಆ ನೀರ್ ಹಾಕ್ರೆ ಜಂಗಲ್ ಸಹ ಕಾಂಬುಕಿಲ್ಲೆ."

ನಾನು ಅಡುಗೆಮನೆಗೆ ಬಂದಾಗ ಅಮ್ಮ ಗೋಡೆ ಹಿಡಿದುಕೊಂಡು ಬಾವಿಯ ಕಂಡಿಯವರೆಗೆ ನಡೆದುಬಂದಿದ್ದಳು. ಹಣೆಯ ಕುಂಕುಮ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿದಿತ್ತು. ಅಮ್ಮಮ್ಮ ಒಲೆಯ ಮುಂದೆ ನಿಂತಿದ್ದರು. ಅಮ್ಮ ಅವರ ಕಡೆ ನೋಡದೆ ಕೊಡಪಾನದ ಕುತ್ತಿಗೆಗೆ ಕುಣಿಕೆ ಹಾಕಿ ಕೆಳಗೆ ಬಿಟ್ಟಳು. ಅಪ್ಪಯ್ಯ ಹೊಸ್ತಿಲಿಗೆ ಬಂದವರು ಅಲ್ಲೇ ನಿಂತರು.

"ಸರಸು, ಬ್ಯಾಡ. ದೋಣಿ ಬತ್ತ್. ಒಂಚೂರ್ ತಡ್ಕೊ."

"ದೋಣಿ ಉಬ್ಬರಕ್ಕೆ ಕಾಯ್ತ್. ಇದ್ ಯಾವ್ದಕ್ಕೂ ಕಾಯ್ತಿಲ್ಲೆ."

ಅವಳು ಎಳೆದಳು. ಕೊಡಪಾನ ಅರ್ಧ ಮೇಲೆ ಬಂದಿರಬೇಕು, ಆಗ ನೋವು ಬಂತು. ಹಗ್ಗ ಕೈಯಲ್ಲಿ ಜಾರುವ ಸದ್ದು, ರಾಟೆ ಹಿಂದಕ್ಕೆ ತಿರುಗುವ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿವೆ. ಆ ಹಗ್ಗ ಥಟ್ಟನೆ ನಿಂತಿತು. ಅಮ್ಮಮ್ಮನ ಒಣಗಿದ ಎರಡು ಕೈಗಳು ಅದನ್ನು ಹಿಡಿದಿದ್ದವು.

"ಬಿಡ್. ಹಗ್ಗ ಬಿಡ್ ಅಂದೆ."

"ಅತ್ತೆ, ನಿಮ್ ಆಣಿ..."

"ನನ್ ಆಣಿ ನಂಗ್ ಗೊತ್ತಿತ್ತ್. ಅದ್ ಕಾರ್ ಹೊರ್ಟ್ ಮೇಲಿನ ಮಾತ್. ನೀ ಹೋಯಿ ಕೂಕೊ."

ಕೊಡಪಾನ ಮೇಲೆ ಬಂತು. ಅಮ್ಮಮ್ಮ ಅದನ್ನು ಕಟ್ಟೆಯ ಮೇಲೆ ಇಟ್ಟು ಸುತ್ತ ನೋಡಿದರು. ಅಪ್ಪಯ್ಯನ ಕೈತುಂಬ ಗ್ರೀಸು, ಲಾಜರ ಒಳಗೆ ಬರುವಂತಿಲ್ಲ. ಅವರ ಕಣ್ಣು ನನ್ನ ಮೇಲೆ ನಿಂತಿತು.

"ಏ ಹೆಣ್ಣೇ, ಬಾಯ್ ಬಿಟ್ಕಂಡ್ ನಿಂತದ್ ಎಂತಕ್ಕೆ? ಹೊರು."

"ನಾನ್ ಮುಟ್ಟುಕ್ ಆತ್ತಾ ಅಮ್ಮಮ್ಮ?"

"ಈಗ ಕೇಂತ್ಯಾ ಅದನ್ನ? ಹೊರು ಅಂದೆ!"

ನಾನು ಹೊತ್ತೆ. ಅಂಗಳಕ್ಕೂ ಅಡುಗೆಮನೆಗೂ ಎಷ್ಟು ಸಲ ಓಡಿದೆನೋ ಗೊತ್ತಿಲ್ಲ. ನೀರು ರೇಡಿಯೇಟರಿನ ಬಾಯಿಗೆ ಹೋಗಿ, ಅಡಿಯ ನಲ್ಲಿಯಿಂದ ತುಕ್ಕಿನ ಬಣ್ಣಕ್ಕೆ ತಿರುಗಿ ಹೊರಗೆ ಬರುತ್ತಿತ್ತು. ಲಾಜರ ಪ್ರತಿ ಸಲ ಬೆರಳೊಡ್ಡಿ ನಾಲಗೆಗೆ ಮುಟ್ಟಿಸಿ, "ಇನ್ನೂ ಉಪ್ಪ್" ಎನ್ನುತ್ತಿದ್ದ. ನಾನು ಒಳಗೆ ಹೋಗಿ "ಇನ್ನೂ ಉಪ್ಪಂಬ್ರ್" ಎನ್ನುತ್ತಿದ್ದೆ. ಅಮ್ಮಮ್ಮ ಮತ್ತೆ ಎಳೆಯುತ್ತಿದ್ದರು. ತಲೆಯ ಮೇಲಿನ ಸೆರಗು ಜಾರಿ ಬೋಳು ನೆತ್ತಿ ಕಂಡರೂ ಅವರು ಸರಿಮಾಡಿಕೊಳ್ಳಲಿಲ್ಲ. ಒಮ್ಮೆ ಮಾತ್ರ, ಏದುಸಿರಿನ ನಡುವೆ ನನಗೆ ಹೇಳಿದರು:

"ಆ ಲಾಜರಂಗೆ ಹೇಳ್, ಸಮಾ ರುಚಿ ಕಾಂಬುಕೆ. ಅರ್ಧಂಬರ್ಧ ಬ್ಯಾಡ ಅಂತ."

ಕೊನೆಗೆ ಅಂಗಳದಿಂದ ಕೂಗು ಬಂತು. "ಸಪ್ಪೆ! ಸಪ್ಪೆ ಆಯ್ತ್ ಅಮ್ಮಾ!" ಒಬ್ಬ ಕಿರಿಸ್ತಾನ ಮೆಕ್ಯಾನಿಕ್ ಅಂಗಳದಲ್ಲಿ ನಿಂತು ನಮ್ಮ ಅಮ್ಮಮ್ಮನಿಗೆ ಹಾಗೆ ಕೂಗಿ ಹೇಳಿದ್ದು ಅದೇ ಮೊದಲು. ನಲ್ಲಿ ಮುಚ್ಚಿ, ಕೊನೆಯ ಕೊಡಗಳನ್ನು ನಿಧಾನ ತುಂಬಿಸಿದರು. ಎಂಜಿನು ಎದ್ದಿತು. ಲಾಜರ ಪಂಪಿನ ಅಡಿಗೆ ಅಂಗೈ ಒಡ್ಡಿ ಕಾದ, ಒಂದು ತೊಟ್ಟೂ ಬೀಳಲಿಲ್ಲ. ಅಮ್ಮನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ನಮ್ಮ ಕೇರಿಯ ಒಬ್ಬ ಹೆಂಗಸನ್ನು ಜೊತೆಗೆ ಕೂರಿಸಿ, ಅಪ್ಪಯ್ಯ ಹೊರಟರು. ದಾರಿಯಲ್ಲಿ ಏನಾದರೂ ಆದರೆ ಅಂತ ಲಾಜರ ಫುಟ್‌ಬೋರ್ಡಿನ ಮೇಲೆ ನಿಂತುಕೊಂಡೇ ಹೋದ.

ಮನೆಯಲ್ಲಿ ಉಳಿದವರು ಅಮ್ಮಮ್ಮ ಮತ್ತು ನಾನು. ಅವರು ಮಿಂದು ಬಂದು ಜಗಲಿಯ ಕಂಬಕ್ಕೆ ಒರಗಿ ಕೂತರು. ಹಗ್ಗ ಉಜ್ಜಿ ಅವರ ಅಂಗೈ ಕಿತ್ತುಹೋಗಿತ್ತು. ಸೆಕೆ ಎಂದರೆ ಸೆಕೆ. ನಾನು ಹೋಗಿ, ಯಾರೂ ಬೇಡ ಎನ್ನದ್ದರಿಂದ, ನಾನೇ ಸೇದಿ ಕುಡಿದು, ಒಂದು ಚೊಂಬು ತಂದು ಅವರ ಮುಂದೆ ಇಟ್ಟೆ. ಅವರು ಅದನ್ನು ನೋಡಿದರು. ಆಮೇಲೆ ಎದ್ದು, ಇನ್ನೊಂದು ಚೊಂಬು ಹಿಡಿದು, ಹಿತ್ತಲಿನ ದಾರಿಯಲ್ಲಿ ಸೌಳು ಬಾವಿಯ ಕಡೆ ನಡೆದರು. ಅಲ್ಲಿ ಕಟ್ಟೆಯ ಮೇಲೆ ಕೂತು ಅವರು ಆ ನೀರು ಕುಡಿಯುವುದನ್ನು, ಒಂದು ಗುಟುಕಿಗೆ ಮುಖ ಕಿವಿಚಿ, ಮತ್ತೆ ಕುಡಿಯುವುದನ್ನು ನಾನು ತೆಂಗಿನ ಮರದ ಮರೆಯಿಂದ ನೋಡಿದೆ. ರೀಡರಿನ ಕತೆಗಳಲ್ಲಿ ಅಂಥವರಿಗೆ ಯಾವ ಸಾಲೂ ಇರಲಿಲ್ಲ.

ಸುದ್ದಿ ಬಂದದ್ದು ಮಾರನೆಯ ದಿನ ಬೆಳಗಿನ ಬಸ್ಸಿನಲ್ಲಿ. ಇದ್ದಲ ಹೊಗೆ ಬಿಡುತ್ತ ಬಸ್ಸು ನಮ್ಮ ಓಣಿಯ ಬಾಯಿಯಲ್ಲಿ ನಿಂತಿತು, ಕಂಡಕ್ಟರ್ ಫುಟ್‌ಬೋರ್ಡಿನಿಂದಲೇ ಕೂಗಿದ.

"ಅಮ್ಮಾ! ವಕೀಲ್ರ್ ಹೇಳಿ ಕಳ್ಸಿರ್! ಹೆಣ್ಣ್ ಮಗು ಅಂಬ್ರ್! ಇಬ್ರೂ ಚಂದ ಇದ್ರಂಬ್ರ್!"

"ಹೆಣ್ಣಾರ್ ಎಂತ, ಉಸ್ರ್ ಇತ್ತಲ್ಲ" ಎಂದ ಅಮ್ಮಮ್ಮ ಅಂಗಳದಲ್ಲೇ ಕುಸಿದು ಕೂತು, ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡರು. ಅವರು ಅಳುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅಮ್ಮ ಮಗುವನ್ನೆತ್ತಿಕೊಂಡು ಬರುವ ಹೊತ್ತಿಗೆ ನನ್ನ ಹಾಲಿಡೇಸ್ ಮುಗಿಯುತ್ತ ಬಂದಿತ್ತು. ಅಷ್ಟರಲ್ಲಿ ಅಮ್ಮಮ್ಮನ ಅಡುಗೆ ಬೇರೆಯಾಗಿತ್ತು. ನಮ್ಮೆಲ್ಲರ ಅನ್ನಕ್ಕೆ ಸಿಹಿ ಬಾವಿಯ ನೀರನ್ನು ನಾನೇ ಸೇದಿ ಒಲೆಗೆ ಇಡುತ್ತಿದ್ದೆ, ಅವರು ತಮಗೊಂದು ಪುಟ್ಟ ಪಾತ್ರೆಯಲ್ಲಿ ಸೌಳು ನೀರಿನಲ್ಲಿ ಅನ್ನ ಮಾಡಿಕೊಳ್ಳುತ್ತಿದ್ದರು. "ನನ್ ಗಂಜಿಗೆ ಉಪ್ಪ್ ಹಾಕುದೇ ಬ್ಯಾಡ, ಅಷ್ಟ್ ಉಳೀತಲ್ಲ" ಎಂದು ಅವರು ನಗಿಸಲು ನೋಡಿದರೆ ಯಾರೂ ನಗುತ್ತಿರಲಿಲ್ಲ. ತುಟಿ ಒಡೆದಿತ್ತು, ಕಾಲು ಬಾತಿತ್ತು. ಕೇರಿಯ ಹೆಂಗಸರು ಬಂದರೆ ಈಗ ಹಗ್ಗ ಹಿಡಿದು ನೀರು ಕೊಡುತ್ತಿದ್ದವಳು ನಾನು. ಅಮ್ಮಮ್ಮ ದೂರದಲ್ಲಿ ಕೂತು ನೋಡುತ್ತಿದ್ದರು. ನನ್ನ ಕೈ ಸೋತರೂ ಅವರು ಹತ್ತಿರ ಬರಲಿಲ್ಲ. ಬಾಗಿಲ ಹಿಂದೆ ನಿಲ್ಲುವುದು ಅವರಿಗೆ ಹೊಸತಲ್ಲ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಅಮ್ಮ ಬಂದ ಮೂರನೆಯ ದಿನವೋ ಏನೋ, ಅಪ್ಪಯ್ಯ ಶರಟು ಹಾಕಿಕೊಂಡು, ಕಾರನ್ನು ಬಾಗಿಲಿಗೆ ತಿರುಗಿಸಿ ನಿಲ್ಲಿಸಿ, ಎಂಜಿನು ಆರಿಸದೆಯೇ ಜಗಲಿಗೆ ಬಂದರು. ಸಿಟ್ಟಿನಲ್ಲಿ ಹಾಕಿಕೊಂಡ ಆಣೆಯಿಂದ ಬಿಡಿಸಿಕೊಳ್ಳಲು ನಮ್ಮಲ್ಲಿ ಒಂದು ದಾರಿ ಇದೆ. ದೇವರ ಮುಂದೆ ನಿಂತು ತಪ್ಪಾಯಿತು ಎಂದು ಹೇಳಿ ತಪ್ಪುಕಾಣಿಕೆ ಹಾಕುವುದು. ಅದು ಎಲ್ಲರೂ ಮಾಡುವುದೇ, ಅದರಲ್ಲಿ ಅವಮಾನ ಏನೂ ಇಲ್ಲ. ಅಮ್ಮಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದರು.

"ಅಮ್ಮ, ಏಳ್. ಆನೆಗುಡ್ಡೆಗೆ ಹೋಯಿ ತಪ್ಪ್ ಕಾಣ್ಕಿ ಹಾಕ್ಕಂಡ್ ಬಪ್ಪ."

"ಎಂತ ತಪ್ಪಿಗೆ?"

"ಸಿಟ್ಟಂಗೆ ಆಣಿ ಹಾಕಿದ್ದಕ್ಕೆ."

"ಆಣಿ ಹಾಕುದ್ ತಪ್ಪಲ್ಲ. ಮೀರ್ರೆ ತಪ್ಪ್. ನಾನ್ ಮೀರ್ಲಿಲ್ಲೆ."

"ಹಾಂಗಾರೆ ಕಾರಿಗೆ ನೀರ್ ಎಳ್ದದ್ದಕ್ಕೆ ಅಂತ ಹೇಳಿ ಹಾಕುವ. ಗಣಪ್ತಿ ಎಂತ ನನ್ ಹಾಂಗ್ ಕ್ರಾಸ್ ಮಾಡ್ತ್ನಾ?"

ಅಮ್ಮಮ್ಮನ ಕೈ ಮಗುವಿನ ಎದೆಯ ಮೇಲೆ ನಿಂತಿತು. ಆ ಪುಟ್ಟ ಎದೆ ಅವರ ಗಾಯದ ಅಂಗೈಯಡಿ ಏರುತ್ತ ಇಳಿಯುತ್ತ ಇತ್ತು.

"ಅದ್ ತಪ್ಪಾ? ಈ ಹೆಣ್ಣ್ ಉಸ್ರ್ ತಕಂಡ್ ಹುಟ್ಟಿದ್ದ್ ಒಂದ್ ತಪ್ಪಿಂದ ಅಂತ ನಾನ್ ಹೋಯಿ ದೇವ್ರ್ ಎದ್ರ್ ಹೇಳ್ಕಾ ಶೀನ?"

ಅಪ್ಪಯ್ಯ ಅಂಗಳಕ್ಕೆ ಇಳಿದು ಎಂಜಿನು ಆರಿಸಿದರು. ಅಮ್ಮ ಒಳಗಿನಿಂದ ನಿಧಾನ ನಡೆದು ಬಂದಳು. ಮಗುವನ್ನು ಎತ್ತಿಕೊಳ್ಳಲು ಬಗ್ಗಿದವಳು ಎತ್ತಿಕೊಳ್ಳದೆ, ಅತ್ತೆಯ ಪಕ್ಕದಲ್ಲೇ ನೆಲಕ್ಕೆ ಕೂತು, ಎಣ್ಣೆಯ ಬಟ್ಟಲನ್ನು ಅವರ ಕೈಗೆ ಹತ್ತಿರ ಸರಿಸಿದಳು.